ಕೌಂಟರಿನಲ್ಲಿ ಹೇಳಿದ ಹೆಸರು

ಮುಧೋಳದ ಆಸ್ಪತ್ರೆಯ ಕೌಂಟರಿನಲ್ಲಿ "ಪೇಶಂಟ್ ಹೆಸರೇನ್ರಿ?" ಎಂದು ಕೇಳಿದಾಗ ನಾನು ನನ್ನ ಹೆಸರು ಹೇಳಲಿಲ್ಲ. ನನ್ನ ನೆಗೆಣ್ಣಿಯ ಹೆಸರು ಹೇಳಿದೆ, ಕಸ್ತೂರಿ. ಗಂಡನ ಹೆಸರು ಕೇಳಿದರು. ಮೈದುನನ ಹೆಸರು ಹೇಳಿದೆ, ಈರಪ್ಪ. ಊರು ಕೇಳಿದರು. ಅದೊಂದನ್ನು ಮಾತ್ರ ನಿಜ ಹೇಳಿದೆ, ರಬಕವಿ.

ಇಷ್ಟನ್ನು ಬರೆಯುವುದಕ್ಕೆ ನನಗೆ ಎರಡು ವರ್ಷ ಬೇಕಾಯಿತು. ಕಾಯಿಲೆಯ ಬಗ್ಗೆ ಬರೆಯುವುದು ಅಷ್ಟು ಕಷ್ಟವಲ್ಲ. ಎದೆ ಹೊಡೆದುಕೊಂಡಿದ್ದು, ನಿದ್ದೆ ಬಾರದೆ ಒದ್ದಾಡಿದ್ದು ಹೇಳಿಕೊಂಡರೆ ಓದಿದವರು ಅಯ್ಯೋ ಪಾಪ ಎನ್ನುತ್ತಾರೆ. ಹೆಸರಿನ ಸಂಗತಿ ಹೇಳಿದರೆ ಯಾರೂ ಪಾಪ ಎನ್ನುವುದಿಲ್ಲ, ಎನ್ನಬಾರದು ಕೂಡ. ಆದರೆ ಅದನ್ನು ಮುಚ್ಚಿಟ್ಟು ಉಳಿದದ್ದನ್ನು ಬರೆದರೆ ಅದೂ ಇನ್ನೊಂದು ಸುಳ್ಳು ಹೆಸರು ಕೊಟ್ಟ ಹಾಗೆಯೇ. ನನ್ನಂತೆ ಮುಖದ ಮೇಲೆ ಸೆರಗೆಳೆದುಕೊಂಡು ಇಂಥದೇ ಆಸ್ಪತ್ರೆಯ ಮೂಲೆಯಲ್ಲಿ ಯಾರೋ ಒಬ್ಬಳು ಈಗಲೂ ಕೂತಿರುತ್ತಾಳೆ. ಅವಳಿಗಾಗಿ ಬರೆಯುತ್ತಿದ್ದೇನೆ.

ನಾನು ಸುಮಂಗಲಾ. ಜಮಖಂಡಿಯ ಒಂದು ಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ಮನೆ ರಬಕವಿಯಲ್ಲಿ. ಅಣ್ಣತಮ್ಮಂದಿರ ಸಂಸಾರ ಒಟ್ಟಿಗೇ ಇದೆ. ಹಿತ್ತಲಲ್ಲಿ ಆರು ಪಾವರ್‌ಲೂಮ್. ನನ್ನ ಗಂಡ ಮತ್ತು ಮೈದುನ ಅವನ್ನು ನೋಡಿಕೊಳ್ಳುತ್ತಾರೆ. ಮೈದುನನ ಹೆಂಡತಿ ಕಸ್ತೂರಿ ಬೆಳಿಗ್ಗೆ ಮನೆಮಂದಿಗೆಲ್ಲ ರೊಟ್ಟಿ ಬಡಿದು, ಮಧ್ಯಾಹ್ನ ಮಗ್ಗದ ಕೋಣೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಾಳೆ. ನನಗೆ ಮಕ್ಕಳಿಲ್ಲ. ಇಡೀ ಮನೆಗೆ ಒಬ್ಬಳೇ ಮಗಳು ಸಹನಾ. ಹುಟ್ಟಿದ್ದು ಕಸ್ತೂರಿಯ ಹೊಟ್ಟೆಯಲ್ಲಿ, ಬೆಳೆದದ್ದು ನನ್ನ ತೊಡೆಯ ಮೇಲೆ. ಇವರೆಲ್ಲರ ಮೇಲೆ ನಮ್ಮ ಅತ್ತೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡಬೇಕು. ಊರಲ್ಲಿ ನನಗೆ ಸಣ್ಣದೊಂದು ಹೆಸರಿತ್ತು. ನೆಮ್ಮದಿಯಿಂದ ಬದುಕುವುದು ಹೇಗೆ ಎಂದು ಹೆಂಗಸರಿಗೆ ಹೇಳಿಕೊಡುವವಳು ನಾನು! 'ದಿನಕ್ಕೊಂದು ಸಣ್ಣ ಅಭ್ಯಾಸ' ಎಂಬ ವಾಟ್ಸಾಪ್ ಗುಂಪು ಮಾಡಿದ್ದೆ. ಇನ್ನೂರಕ್ಕೂ ಹೆಚ್ಚು ಹೆಂಗಸರಿದ್ದರು. 'ಎದ್ದ ಕೂಡಲೇ ಫೋನ್ ನೋಡಬೇಡಿ' ಎಂದು ಬೆಳಿಗ್ಗೆ ಐದಕ್ಕೆ ಎದ್ದ ಕೂಡಲೇ ಫೋನ್ ಹಿಡಿದು ಕಳಿಸುತ್ತಿದ್ದೆ. 'ಊಟ ಮಾಡುವಾಗ ಊಟವನ್ನಷ್ಟೇ ಮಾಡಿ' ಎಂದು ಬರೆದದ್ದು ಬಾಯಲ್ಲಿ ರೊಟ್ಟಿ ಇದ್ದಾಗ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಇಷ್ಟಲಿಂಗ ಪೂಜೆಗೆ ಕೂತಾಗಲೂ ಎಡಗೈಯಲ್ಲಿ ಲಿಂಗ, ಕಣ್ಣು ಮಾತ್ರ ಪಕ್ಕದಲ್ಲಿಟ್ಟ ಫೋನಿನ ಮೇಲೆ, ಗುಂಪಿನಲ್ಲಿ ಯಾರು ಕೈ ಮುಗಿದ ಇಮೋಜಿ ಹಾಕಿದರು, ಯಾರು ಹೂವು ಹಾಕಿದರು ಎಂದು.

ಸಂಜೆ ಐದೂವರೆಗೆ ನಾನು ಬಸ್ಸಿಳಿದು ಬರುವ ಹೊತ್ತಿಗೆ ಕಸ್ತೂರಿ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿರುತ್ತಿದ್ದಳು. ಕಪ್ಪಿನಿಂದ ಬಸಿಗೆ ಸುರಿದುಕೊಂಡು, ಊದಿ, ಒಂದೊಂದೇ ಗುಟುಕು. ಕೈಯಲ್ಲಿ ಫೋನಿಲ್ಲ, ಪಕ್ಕದಲ್ಲಿ ಮಾತಿಗೆ ಯಾರೂ ಇಲ್ಲ. ಸುಮ್ಮನೆ ರಸ್ತೆ ನೋಡುತ್ತಿದ್ದಳು. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಏನ್ ಬೇ ಕಸ್ತೂರಿ, ರಾಣಿ ಹಂಗ ಕುಂತೀಯಲ್ಲ! ಕೆಲಸ ಎಲ್ಲಾ ಮುಗದಾವೇನು?"

"ಮುಗ್ಯೂದಿಲ್ಲ ಅಕ್ಕಾ, ಅವೇನು ಓಡಿ ಹೋಗ್ತಾವೇನು? ಬರ್ರಿ, ನಿಮಗೂ ಒಂದ್ ಕಪ್ ಚಹಾ ಮಾಡ್ತೇನಿ," ಎನ್ನುತ್ತಿದ್ದಳು. ನಾನು ಚಹಾವನ್ನು ಅಡಿಗೆಮನೆಯಲ್ಲಿ ನಿಂತೇ, ಒಂದು ಕೈಯಲ್ಲಿ ಕಾಯಿಪಲ್ಲೆ ಸೋಸುತ್ತ ಕುಡಿದು ಮುಗಿಸುತ್ತಿದ್ದೆ.

ಮೊದಲ ಸಲ ಅದು ಬಂದದ್ದು ಬಸ್ಸಿನಲ್ಲಿ. ಶನಿವಾರ, ಮುಂಜಾನೆ ಶಾಲೆ. ತೊಡೆಯ ಮೇಲೆ ಪರೀಕ್ಷೆ ಪೇಪರಿನ ಕಟ್ಟು, ಕೈಯಲ್ಲಿ ಫೋನು. ಬಸ್ಸು ಊರು ದಾಟಿ ಕಬ್ಬಿನ ಹೊಲಗಳ ನಡುವೆ ಬಂದಿತ್ತಷ್ಟೇ. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಬೆರಳುಗಳು ಜೋಮು ಹಿಡಿದವು. ಸತ್ತೆ ಎಂದುಕೊಂಡೆ. ಪೇಪರುಗಳು ಬಸ್ಸಿನ ತುಂಬ ಚೆಲ್ಲಾಡಿದವು. ಪಕ್ಕದಲ್ಲಿದ್ದ ಕಾಯಿಪಲ್ಲೆ ಮಾರುವ ಹೆಂಗಸು ಬುಟ್ಟಿ ಬಿಟ್ಟು ನನ್ನ ಕೈ ಹಿಡಿದಳು. "ಹೆದರಬ್ಯಾಡ ಯವ್ವಾ, ನಾ ಅದೇನಿ, ನೀರ್ ಕುಡಿ," ಎಂದು ಜಮಖಂಡಿ ಸ್ಟ್ಯಾಂಡ್ ಬರುವವರೆಗೂ ಆ ಕೈ ಬಿಡಲಿಲ್ಲ. ಅವಳ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಜಮಖಂಡಿಯಲ್ಲಿ ಇಸಿಜಿ ತೆಗೆದರು. "ಹಾರ್ಟ್ ಗಟ್ಟಿ ಐತ್ರಿ ಟೀಚರ್, ಏನೂ ಕಾಳಜಿ ಇಲ್ಲ," ಎಂದರು ಡಾಕ್ಟರು. ನಾಚಿಕೆ ಬಿಟ್ಟು ಹೇಳುತ್ತೇನೆ, ಅದನ್ನು ಕೇಳಿ ನನಗೆ ಬೇಸರವಾಯಿತು. ಹಾರ್ಟಿನ ಕಾಯಿಲೆಯಾಗಿದ್ದರೆ ಹೇಳಿಕೊಳ್ಳಬಹುದಿತ್ತು. ಜನ ಎಳನೀರು, ಹಣ್ಣು ಹಿಡಿದು ನೋಡಲು ಬರುತ್ತಿದ್ದರು.

ಆಮೇಲೆ ಅದು ಮತ್ತೆ ಮತ್ತೆ ಬಂತು. ತರಗತಿಯಲ್ಲಿ ಬೋರ್ಡಿನ ಮುಂದೆ ಬಂತು, ಯಾರದೋ ಸೀಮಂತದಲ್ಲಿ ಆರತಿ ಹಿಡಿದಾಗ ಬಂತು. ಅತ್ತೆ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದರು. ನಮ್ಮ ಮನೆಯವರು "ಗ್ಯಾಸ್ ಆಗಿರ್ತೈತಿ, ಒಂದ್ ಸೋಡಾ ಕುಡಿ," ಎಂದರು. ಕಸ್ತೂರಿ ದಿನಾ ಸಂಜೆ ಒಂದು ಲೋಟ ಅಂಬಲಿ ತಂದು ಮುಂದಿಟ್ಟು, ಕುಡಿಯುವವರೆಗೂ ಎದುರಿಗೇ ನಿಂತಿರುತ್ತಿದ್ದಳು. ನಾನು ಅದಕ್ಕೂ ಸಿಡುಕಿದ್ದೇನೆ.

ಕಡೆಗೆ ಜಮಖಂಡಿಯ ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಬೆಳಗಾವಿ ಕಡೆಯಿಂದ ಮನೋವೈದ್ಯರೊಬ್ಬರು ಗುರುವಾರಕ್ಕೊಮ್ಮೆ ಮುಧೋಳಕ್ಕೆ ಬರುತ್ತಾರೆ, ತೋರಿಸಿ ಎಂದರು. ಮನೋವೈದ್ಯರು ಎಂದರೆ ನಮ್ಮ ಕಡೆ ಹುಚ್ಚರ ಡಾಕ್ಟರ್. ಆ ಚೀಟಿಯನ್ನು ಹಾಜರಿ ಪುಸ್ತಕದಲ್ಲಿ ಎರಡು ತಿಂಗಳು ಅಡಗಿಸಿಟ್ಟಿದ್ದೆ. ಬಸ್ಸು ಹತ್ತುವುದಕ್ಕೇ ಹೆದರಿಕೆಯಾಗಿ ವಾರದಲ್ಲಿ ಮೂರು ದಿನ ರಜೆ ಹಾಕುವ ಸ್ಥಿತಿ ಬಂದಾಗ ಹೋಗಲೇಬೇಕಾಯಿತು. ಮನೆಯಲ್ಲಿ ಶಿಕ್ಷಕರ ತರಬೇತಿ ಇದೆ ಎಂದೆ, ಯಾವ ಊರಲ್ಲಿ ಎಂದು ಹೇಳಲಿಲ್ಲ. ಆವತ್ತು ನಾನು ಉಟ್ಟಿದ್ದು ಕಸ್ತೂರಿಯ ಸೀರೆ. ನನ್ನ ಸೀರೆಗಳನ್ನು ಎಲ್ಲರೂ ಗುರುತಿಸುತ್ತಾರೆ ಎಂದು ಅವಳ ಹಸಿರು ಸೀರೆ ಕೇಳಿ ಇಸಿದುಕೊಂಡಿದ್ದೆ.

ಬಸ್ಸಿನಲ್ಲಿ ಕಂಡಕ್ಟರಿಗೆ ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಟಿಕೆಟ್ ತೆಗೆದುಕೊಂಡೆ. ಆ ಕಾರ್ಡಿನ ಮೇಲೆ ನನ್ನದೇ ಹೆಸರು, ನನ್ನದೇ ಮುಖ. ಒಂದು ತಾಸಿನ ನಂತರ ಕೌಂಟರಿನಲ್ಲಿ ಕಾರ್ಡ್ ಕೇಳಲಿಲ್ಲ, ಹೆಸರನ್ನಷ್ಟೇ ಕೇಳಿದರು. ಮೊದಲೇ ಯೋಚಿಸಿ ಇಟ್ಟುಕೊಂಡ ಸುಳ್ಳಲ್ಲ ಅದು. ದಿನಕ್ಕೆ ನೂರು ಸಲ ಕೂಗುವ ಹೆಸರು ಬಾಯಿಗೆ ಬಂತು. ಅವಳ ಸೀರೆ ಉಟ್ಟಿದ್ದೆ, ಅವಳು ಬಡಿದ ರೊಟ್ಟಿ ಬುತ್ತಿ ಕಟ್ಟಿಕೊಂಡಿದ್ದೆ. ಹಿರೇಸೊಸೆಯಾಗಿ ಅವಳದೆಲ್ಲ ನನ್ನದೇ ಎಂದು ರೂಢಿಯಾಗಿತ್ತು. ಹೆಸರನ್ನೂ ಅಷ್ಟೇ ಸಲೀಸಾಗಿ ತೆಗೆದುಕೊಂಡೆ.

ಕಾಯುವ ಕೋಣೆಯಲ್ಲಿ ಅಕ್ಕಪಕ್ಕದ ಎರಡು ಬಾಗಿಲುಗಳ ಮುಂದೆ ಎರಡು ಸಾಲು ಕುರ್ಚಿ. ಒಂದು ಸಾಲು ಕಣ್ಣಿನ ಡಾಕ್ಟರಿಗೆ, ಇನ್ನೊಂದು ನಮ್ಮ ಡಾಕ್ಟರಿಗೆ. ನಮ್ಮ ಸಾಲಿನವರೆಲ್ಲ ಕಣ್ಣಿನ ಸಾಲಿನಲ್ಲೇ ಕೂತಿದ್ದೆವು! ಕಂಪೌಂಡರ್ ಬಾಗಿಲಿಗೆ ಬಂದು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. "ಕಸ್ತೂರಿ ಈರಪ್ಪ, ರಬಕವಿ! ಯಾರ್ರೀ?" ಮೂರು ಸಲ ಕೂಗಿದ ಮೇಲೆ, ಅದು ನಾನೇ ಎಂದು ನೆನಪಾಗಿ ಎದ್ದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ವಿದ್ಯಾರ್ಥಿನಿಯ ವಯಸ್ಸು. ನಾನು ಹೇಳಿದ್ದನ್ನೆಲ್ಲ ಕೇಳಿ ಗುಳಿಗೆ ಬರೆದರು. ಒಮ್ಮೆಲೇ ಬಿಡಬಾರದು ಎಂದು ಎರಡು ಸಲ ಹೇಳಿದರು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು.

"ಚಹಾ ಕುಂತು ಕುಡೀತೀರೋ, ನಿಂತು ಕುಡೀತೀರೋ?"

"ಕುಂಡ್ರಾಕ ಎಲ್ಲಿ ಪುರಸೊತ್ತರಿ?"

"ನಿಮ್ಮ ಮನ್ಯಾಗ ಕುಂತು ಕುಡಿಯೋರು ಯಾರರ ಅದಾರೇನ್ರಿ?"

"ಅದಾಳ್ರಿ, ನನ್ನ ನೆಗೆಣ್ಣಿ."

"ಹೆಸರೇನು?"

ಕಸ್ತೂರಿ ಎನ್ನುವ ಹಾಗಿರಲಿಲ್ಲ. ಕಸ್ತೂರಿ ನಾನಾಗಿದ್ದೆನಲ್ಲ. "ಸುಮಂಗಲಾ" ಎಂದೆ.

"ಹಂಗಾರ ಒಂದ್ ಕೆಲಸ ಮಾಡ್ರಿ. ಹದಿನೈದು ದಿನ ಈ ಸುಮಂಗಲಾ ಅವರನ್ನ ಸುಮ್ಮ ನೋಡ್ರಿ. ಹೆಂಗ ಕುಂಡ್ರತಾರ, ಹೆಂಗ ಉಣತಾರ. ಅದರಾಗ ಒಂದನ್ನ ನೀವೂ ಮಾಡ್ರಿ. ಒಂದ ಒಂದು."

ಇನ್ನೂರು ಹೆಂಗಸರಿಗೆ ದಿನಕ್ಕೊಂದು ಅಭ್ಯಾಸ ಹೇಳಿಕೊಡುತ್ತಿದ್ದವಳು ತಲೆ ತಗ್ಗಿಸಿ ಹೂಂ ಎಂದು ಎದ್ದು ಬಂದೆ.

ನೋಡಿದೆ. ಅದೇ ಮನೆಯಲ್ಲಿ ಇಪ್ಪತ್ತೈದು ವರ್ಷ ಕಣ್ಣೆದುರಿಗೇ ಇದ್ದವಳನ್ನು ಆಗ ಮೊದಲ ಸಲ ನೋಡಿದೆ. ರೊಟ್ಟಿ ಬಡಿಯುವಾಗ ಅವಳು ರೊಟ್ಟಿಯನ್ನಷ್ಟೇ ನೋಡುತ್ತಿದ್ದಳು. ಉಣ್ಣುವ ಮುಂಚೆ ತಾಟಿನ ಮುಂದೆ ಒಂದು ಗಳಿಗೆ ಸುಮ್ಮನಿರುತ್ತಿದ್ದಳು. ಪೂಜೆಗೆ ಕೂತರೆ ಅಂಗೈಯ ಲಿಂಗ ಬಿಟ್ಟು ಕಣ್ಣು ಕದಲುತ್ತಿರಲಿಲ್ಲ. ಒಂದು ದಿನ ಮಗ್ಗದ ಕೋಣೆಗೆ ಹೋಗಿ ಅವಳ ಪಕ್ಕ ಕೂತೆ. ಆರು ಮಗ್ಗಗಳ ಸದ್ದಿನಲ್ಲಿ ಅವಳು ಕಂಡಿಕೆ ಸುತ್ತುತ್ತಿದ್ದಳು. ನೂಲಿನ ಎಳೆ ಹರಿಯಿತು. ಮಷಿನ್ ನಿಲ್ಲಿಸಿ, ಎರಡೂ ತುದಿ ಹುಡುಕಿ, ಗಂಟು ಹಾಕಿ, ಗಂಟನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿ ಮತ್ತೆ ಶುರು ಮಾಡಿದಳು.

"ಅಷ್ಟ್ ಸಲ ಹರೀತೈತಿ, ಸಿಟ್ಟ ಬರೂದಿಲ್ಲೇನ್ ನಿನಗ?" ಎಂದು ಕೇಳಿದೆ.

"ಎಳಿ ಅಂದ ಮ್ಯಾಲೆ ಹರಿಯೂದ ಅಕ್ಕಾ. ಹರದಾಗ ಹರದ ಎಳೀನ ನೋಡಬೇಕು. ಎಷ್ಟ್ ಕಂಡಿಕಿ ಉಳದಾವ ಅಂತ ಬುಟ್ಟಿ ನೋಡಿದ್ರ ಕೈ ನಡಗತೈತಿ."

ಆ ಮಾತನ್ನು ನಾನು ಗುಂಪಿಗೆ ಕಳಿಸಲಿಲ್ಲ. ಅಷ್ಟರ ಮಟ್ಟಿಗೆ ಬುದ್ಧಿ ಬಂದಿತ್ತು. ಬಸ್ಸಿನಲ್ಲಿ ಎದೆ ಹೊಡೆದುಕೊಳ್ಳತೊಡಗಿದಾಗ ಪೇಪರು ಫೋನು ಎರಡನ್ನೂ ಚೀಲಕ್ಕೆ ತುಂಬಿ, ಎಳೆ ಹರಿಯಿತು, ಮಷಿನ್ ನಿಲ್ಲಿಸು ಎಂದುಕೊಳ್ಳುತ್ತಿದ್ದೆ. ಚಹಾ ಕೂತು ಕುಡಿಯತೊಡಗಿದೆ. ಗುಳಿಗೆ ಒಂದು ಕಡೆ, ಇದೊಂದು ಕಡೆ. ಎರಡು ತಿಂಗಳಲ್ಲಿ ನಾನು ಸುಧಾರಿಸಿದೆ. ಹದಿನೈದು ದಿನಕ್ಕೊಮ್ಮೆ ಮುಧೋಳಕ್ಕೆ ಹೋಗುತ್ತಿದ್ದೆ, ಕಂಪೌಂಡರ್ ಕೂಗುತ್ತಿದ್ದ, ಕಸ್ತೂರಿಯಾಗಿ ಏಳುತ್ತಿದ್ದೆ. ಈಗ ಮೂರು ಸಲ ಕೂಗುವುದೂ ಬೇಕಿರಲಿಲ್ಲ.

ಆ ಹೊತ್ತಿಗೆ ಸಹನಾಳಿಗೆ ಗಲಗಲಿಯಿಂದ ಒಂದು ಸಂಬಂಧ ಬಂದಿತ್ತು. ಹೊಳೆದಂಡೆಯಲ್ಲಿ ಹೊಲ ಇರುವ ಮನೆತನ. ಹುಡುಗನಿಗೆ ಸಮೀರವಾಡಿ ಕಡೆ ನೌಕರಿ. ಬಂದು ನೋಡಿದ್ದರು, ಇಬ್ಬರಿಗೂ ಮನಸ್ಸು ಬಂದಿತ್ತು. ಸಹನಾ ಅವನ ಫೋನ್ ಬಂದರೆ ಮಾಳಿಗೆಗೆ ಓಡುತ್ತಿದ್ದಳು. ನಿಶ್ಚಯದ ಸೀರೆಗೆ ಯಾವ ಬಣ್ಣ ಎಂಬುದರವರೆಗೆ ಮಾತು ಬಂದಿತ್ತು.

ಒಂದು ಭಾನುವಾರ ಮಧ್ಯಸ್ಥಿಕೆ ಮಾಡಿದ್ದ ಬಸಲಿಂಗಪ್ಪ ಕಾಕಾ ಬಂದರು. ಪಡಸಾಲೆಯಲ್ಲಿ ಕೂತು ಬಹಳ ಹೊತ್ತು ಹೊಗೆಸೊಪ್ಪು ತಿಕ್ಕಿದರು. ಕಸ್ತೂರಿ ಚಹಾ ತಂದಳು. ಅವಳು ಒಳಗೆ ಹೋಗಲಿ ಎಂದು ಕಾದರು. ಅವಳು ಹೋಗಲಿಲ್ಲ.

"ಅವರು ಒಲ್ಲೆ ಅಂತಾರ," ಎಂದರು ಕಾಕಾ.

"ಯಾಕ್ರಿ ಕಾಕಾ, ಏನಾತು?" ಈರಪ್ಪ ಕೇಳಿದ.

"ಹುಡುಗಿ ತಾಯಿ ಮುಧೋಳದಾಗ ತಲಿ ಡಾಕ್ಟರ್ ಕಡೆ ತೋರಸಾಕತ್ತಾಳಂತ. ಹುಡುಗನ ಸ್ವಾದರತ್ತಿ ಕಣ್ಣ ತೋರಸಾಕ ಅದ ದವಾಖಾನಿಗೆ ಹೋಗಿದ್ಲು. ಕಸ್ತೂರಿ ಈರಪ್ಪ, ರಬಕವಿ ಅಂತ ಕೂಗಿದ್ದ ಕಿವಿಲೆ ಕೇಳ್ಯಾಳ. ಹಸಿರು ಸೀರಿ ಉಟ್ಟಕಿ, ಮಾರಿ ಮ್ಯಾಲೆ ಸೆರಗ ಹೊತ್ತಕಿ ಎದ್ದು ಒಳಗ ಹೋದ್ಲಂತ."

ಕಸ್ತೂರಿ ಚಹಾದ ತಾಟು ಹಿಡಿದು ನಿಂತೇ ಇದ್ದಳು. "ನಾ ಯಾವಾಗ ಮುಧೋಳಕ್ಕ ಹೋಗೇನ್ರಿ ಕಾಕಾ?" ಎಂದು ಕೇಳಿದಳು. ಸಿಟ್ಟಿರಲಿಲ್ಲ ಆ ಧ್ವನಿಯಲ್ಲಿ. ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದಳು, ಎಂದಾದರೂ ಹೋಗಿದ್ದೆನೇನೋ ಎಂಬಂತೆ.

ನಾನು ಅಲ್ಲೇ ಇದ್ದೆ, ನಾಲ್ಕು ಹೆಜ್ಜೆ ದೂರದಲ್ಲಿ, ಕಂಬಕ್ಕೆ ಒರಗಿಕೊಂಡು. ಬಿಸಿತುಪ್ಪ ಬಾಯಲ್ಲಿತ್ತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತಲೇ ಇದ್ದೆ. ಕಾಕಾ ಎದ್ದು ಹೋದರು. ನಾನು ಹೇಳಲಿಲ್ಲ. ನನ್ನ ಇಡೀ ಕಾಯಿಲೆಯಲ್ಲಿ, ಸತ್ತೆ ಎಂದುಕೊಂಡ ಆ ಬಸ್ಸನ್ನೂ ಸೇರಿಸಿ, ಇದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿಲ್ಲ.

ಆಮೇಲೆ ಆದದ್ದನ್ನು ಬರೆಯಲು ಕೈ ಏಳುವುದಿಲ್ಲ, ಆದರೂ ಬರೆಯುತ್ತೇನೆ. ಮನೆಯವರೆಲ್ಲ ಕಸ್ತೂರಿಯನ್ನು ನೋಡತೊಡಗಿದರು. ಡಾಕ್ಟರು ನನಗೆ ನೋಡಲು ಹೇಳಿದ್ದ ಅದೇ ಕಸ್ತೂರಿಯನ್ನು, ಬೇರೆ ಕಣ್ಣಿನಿಂದ. "ಅದಕ್ಕ ನೋಡು, ಇಕಿ ಹೊರಗ ಕಟ್ಟಿ ಮ್ಯಾಲೆ ಒಬ್ಬಾಕಿನ ಗಪ್ಪ ಕುಂಡ್ರತಾಳ," ಎಂದರು ಅತ್ತೆ. "ಉಣ್ಣೂ ಮುಂದ ತಾಟ ನೋಡಕೋತ ಕುಂಡ್ರತಾಳ, ನಾ ಅವತ್ತ ಅಂದಿದ್ದೆ." ಈರಪ್ಪ ಒಳ್ಳೆಯ ಮನುಷ್ಯ, ಆದರೂ ಹೆಂಡತಿಯ ಟ್ರಂಕು ತೆಗೆದು ಗುಳಿಗೆ ಹುಡುಕಿದ. ಸಿಗಲಿಲ್ಲ. ಗುಳಿಗೆಗಳು ನನ್ನ ಶಾಲೆಯ ಚೀಲದಲ್ಲಿ, ಸೀಸದಕಡ್ಡಿ ಡಬ್ಬಿಯ ಒಳಗಿದ್ದವು. "ಖರೆ ಹೇಳು, ನಾ ಏನೂ ಅನ್ನೂದಿಲ್ಲ," ಎಂದು ಅವನು ಕೇಳುವುದು, "ಏನ್ ಹೇಳಲಿ?" ಎಂದು ಅವಳು ಅನ್ನುವುದು, ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು.

ಒಂಬತ್ತು ದಿನ ನಾನು ಬಾಯಿ ಬಿಡಲಿಲ್ಲ. ಬೆರಳು ಮಡಿಚಿ ಎಣಿಸಿಯೇ ಹೇಳುತ್ತಿದ್ದೇನೆ, ಒಂಬತ್ತು. ಅಷ್ಟೂ ದಿನ ಮನಸ್ಸಿನಲ್ಲಿ ಲೆಕ್ಕಾಚಾರ. ಹೇಳಿದರೆ ನೌಕರಿಗೆ ತೊಂದರೆಯಾದೀತು, ಮಕ್ಕಳ ತಂದೆತಾಯಿಗಳು ಏನಂದಾರು, ಹೇಗೂ ಸಂಬಂಧ ಮುರಿದಿದೆ, ಈಗ ಹೇಳಿ ಏನುಪಯೋಗ. ಗುಂಪಿಗೆ ಬೆಳಿಗ್ಗೆ ಐದಕ್ಕೆ ಸಂದೇಶ ಹೋಗುತ್ತಲೇ ಇತ್ತು. 'ಸತ್ಯ ಹೇಳಿದರೆ ಮನಸ್ಸು ಹಗುರ' ಎಂದೂ ಒಂದು ದಿನ ಕಳಿಸಿದ್ದೇನೆ. ಅಷ್ಟು ಹೇಸಿ ಬಾಳು.

ಹತ್ತನೆಯ ದಿನ ಸಂಜೆ ಬಸ್ಸಿಳಿದು ಬಂದೆ. ಕಟ್ಟೆ ಖಾಲಿ ಇತ್ತು. ಒಳಗೆ ಹೋದೆ. ಕಸ್ತೂರಿ ಅಡಿಗೆಮನೆಯಲ್ಲಿ ನಿಂತುಕೊಂಡು, ಒಂದು ಕೈಯಲ್ಲಿ ಒಲೆಯ ಮೇಲಿನ ಸಾರು ತಿರುವುತ್ತ, ಇನ್ನೊಂದು ಕೈಯಲ್ಲಿ ಕಪ್ ಹಿಡಿದು ಸುಡುವ ಚಹಾವನ್ನು ಗಟಗಟ ಕುಡಿಯುತ್ತಿದ್ದಳು. ಬಸಿ ಇರಲಿಲ್ಲ.

"ಹೊರಗ ಕುಂಡ್ರಲಿಲ್ಲೇನ ಕಸ್ತೂರಿ?"

"ಬ್ಯಾಡಕ್ಕಾ. ನೋಡಿದವರು ಅದಕ್ಕೂ ಒಂದ್ ಅಂತಾರ."

ಅವಳು ನಿಂತ ರೀತಿ ನನ್ನದು. ಕಪ್ ಹಿಡಿದ ರೀತಿಯೂ ನನ್ನದು. ಹೆಸರು ತೆಗೆದುಕೊಂಡು ನನ್ನ ಕಾಯಿಲೆಯನ್ನು ಅವಳಿಗೆ ಕೊಟ್ಟಿದ್ದೆ. ಚೀಲದಿಂದ ಸೀಸದಕಡ್ಡಿ ಡಬ್ಬಿ ತೆಗೆದೆ, ಫೈಲ್ ತೆಗೆದೆ, ಪಡಸಾಲೆಗೆ ಹೋಗಿ ಎಲ್ಲರನ್ನೂ ಕರೆದೆ. ಎದೆ ಹೊಡೆದುಕೊಳ್ಳುತ್ತಿತ್ತು. ಹೊಡೆದುಕೊಳ್ಳಲಿ ಎಂದು ಬಿಟ್ಟೆ.

"ಮುಧೋಳಕ್ಕ ಹೋದಾಕಿ ನಾನು. ಈ ಗುಳಿಗಿ ನನ್ನವು. ಹೆಸರು ಕಸ್ತೂರಿದು ಕೊಟ್ಟಿದ್ದೆ."

ಈರಪ್ಪ ಎದ್ದು ಮಗ್ಗದ ಕೋಣೆಗೆ ಹೋಗಿಬಿಟ್ಟ. ಇಷ್ಟು ವರ್ಷ 'ವೈನಿ' ಎಂದು ಬಾಯಿ ತುಂಬ ಕರೆಯುತ್ತಿದ್ದವನು ಅಂದಿನಿಂದ ಬಹಳ ದಿನ ನನ್ನನ್ನು ಏನೆಂದೂ ಕರೆಯಲಿಲ್ಲ. ನಮ್ಮ ಮನೆಯವರು, "ನನಗರ ಹೇಳಬೇಕಿತ್ತಲ್ಲ. ಸೋಡಾ ಕುಡಿ ಅಂದಿದ್ದಕ್ಕ ಹೇಳಲಿಲ್ಲೇನು?" ಎಂದು ನೆಲ ನೋಡುತ್ತ ಕೇಳಿದರು. ಸಹನಾ ಮಾಳಿಗೆ ಹತ್ತಿ ಬಾಗಿಲು ಹಾಕಿಕೊಂಡಳು.

ಕಸ್ತೂರಿ ಫೈಲಿನ ಮೇಲಿನ ತನ್ನ ಹೆಸರನ್ನು ಬೆರಳಿಟ್ಟು ಓದಿದಳು. ಕೂಡಿಸಿ ಕೂಡಿಸಿ ಓದುತ್ತಾಳೆ ಅವಳು. ಓದಿ ಮುಗಿಸಿ ಹೇಳಿದಳು.

"ನಿಮ್ಮ ಬ್ಯಾನಿ ನನಗ ಹೇಳಿದ್ರ ನಾನೂ ನಿಮ್ಮ ಜೋಡಿ ಮುಧೋಳಕ್ಕ ಬರ್ತಿದ್ನೆಲ್ಲ ಅಕ್ಕಾ. ಹೆಸರ್ಯಾಕ ಒಯ್ದ್ರಿ?"



ಮರುದಿನವೇ ಬಸಲಿಂಗಪ್ಪ ಕಾಕಾ ಮತ್ತು ನಮ್ಮ ಮನೆಯವರ ಜೊತೆ ಗಲಗಲಿಗೆ ಹೋದೆ. ಹುಡುಗನ ಮನೆಯ ಪಡಸಾಲೆಯಲ್ಲಿ ಫೈಲ್ ಮತ್ತು ಆಧಾರ್ ಕಾರ್ಡ್ ಎರಡನ್ನೂ ಇಟ್ಟು, ತಪ್ಪು ನನ್ನದು, ಹುಡುಗಿಯ ತಾಯಿಗೆ ಏನೂ ಆಗಿಲ್ಲ ಎಂದೆ. ಹುಡುಗನ ತಂದೆ ಮರ್ಯಾದಸ್ಥರು. ಎಲ್ಲ ಕೇಳಿದರು. "ನೀವು ಬಂದು ಹೇಳಿದ್ದು ಛಲೋ ಆತ್ರಿ. ಆದ್ರ ಯಾರಿಗೆ ಇದ್ರೂ ಮನಿ ಒಂದ ಅಲ್ರಿ," ಎಂದು ಕೈ ಮುಗಿದರು.

ಚಹಾ ತಂದವಳು ಹುಡುಗನ ಸೋದರತ್ತೆ. ಬೈತಲೆಯ ಪಕ್ಕದ ಬಿಳಿಗೂದಲಿನ ಪಟ್ಟಿಯಿಂದ ತಕ್ಷಣ ಗುರುತು ಹಿಡಿದೆ. ಮುಧೋಳದಲ್ಲಿ ಅವಳನ್ನು ಎರಡು ಸಲ ಕಂಡಿದ್ದೆ, ಕಣ್ಣಿನ ಸಾಲಿನಲ್ಲಿ ಕೂತು ನಮ್ಮ ಡಾಕ್ಟರ ಬಾಗಿಲೊಳಗೆ ಹೋಗುವವರ ಪೈಕಿ. ಹೊರಡುವಾಗ ಚಪ್ಪಲಿ ಮೆಟ್ಟುವ ಜಾಗಕ್ಕೆ ಬಂದು ನನ್ನ ಕೈ ಹಿಡಿದಳು. ಅವಳ ಕೈ ಬೆವರಿತ್ತು.

"ನಾ ಕಣ್ಣಿಗಲ್ಲ ಹೋಗಿದ್ದು ಅಂತ ಇಲ್ಲಿ ಹೇಳಬ್ಯಾಡ್ರಿ ಯವ್ವಾ."

ಬರುವಾಗ ದಾರಿಯುದ್ದಕ್ಕೂ ಅವಳ ಮೇಲೆ ಕುದಿಯುತ್ತ ಬಂದಿದ್ದೆ. ಆ ಬೆವರಿದ ಕೈ ಮುಟ್ಟಿದ ಮೇಲೆ ಬೈಯಲು ನಾಲಿಗೆ ಏಳಲಿಲ್ಲ. "ಇಲ್ರಿ, ಹೇಳೂದಿಲ್ಲ. ಗುಳಿಗಿ ಮಾತ್ರ ಬಿಡಬ್ಯಾಡ್ರಿ," ಎಂದೆ. ಇಲ್ಲಿ ಬರೆಯುವಾಗಲೂ ಅವಳ ಗುರುತುಗಳನ್ನು ಬದಲಿಸಿದ್ದೇನೆ.

ಸಂಬಂಧ ಮತ್ತೆ ಕೂಡಲಿಲ್ಲ. ಆ ಹುಡುಗ ಎರಡು ಸಲ ಫೋನ್ ಮಾಡಿದ, ಆಮೇಲೆ ಮಾಡಲಿಲ್ಲ. ಸಹನಾ ಒಂದು ತಿಂಗಳು ನನ್ನೊಂದಿಗೆ ಮಾತು ಬಿಟ್ಟಿದ್ದಳು. ಒಂದು ದಿನ ತಾನಾಗಿಯೇ ಬಂದು, "ದೊಡ್ಡವ್ವಾ, ಮನ್ಯಾಗ ಹೇಳಿದ್ರಿ, ಗಲಗಲ್ಯಾಗ ಹೇಳಿದ್ರಿ. ನಿಮ್ಮ ಗುಂಪಿನ್ಯಾಗ ಯಾವಾಗ ಹೇಳ್ತೀರಿ?" ಎಂದಳು. ಅವಳ ಎದುರಿಗೇ ಕೂತು ಬರೆದೆ. 'ನನಗೆ ಮನಸ್ಸಿನ ಕಾಯಿಲೆ ಇದೆ, ಮುಧೋಳದಲ್ಲಿ ತೋರಿಸುತ್ತೇನೆ, ಗುಳಿಗೆ ನುಂಗುತ್ತೇನೆ. ನಾನು ಇಲ್ಲಿ ಹೇಳಿದ ಅಭ್ಯಾಸಗಳಲ್ಲಿ ಒಂದನ್ನೂ ನಾನು ಮಾಡುತ್ತಿರಲಿಲ್ಲ.' ಬಹಳ ಜನ ಗುಂಪು ಬಿಟ್ಟರು. ಮೂವರು ಬೇರೆಯಾಗಿ ಸಂದೇಶ ಕಳಿಸಿದರು. ಮೂವರದೂ ಒಂದೇ ಪ್ರಶ್ನೆ, ಡಾಕ್ಟರ್ ಯಾವ ವಾರ ಬರ್ತಾರ? ಗುಂಪನ್ನು ಆವತ್ತೇ ಮುಚ್ಚಿದೆ.

ಗಲಗಲಿಗೆ ಹೋಗಿಬಂದ ಮೇಲೆ ಮೊದಲ ಸಲ ಮುಧೋಳಕ್ಕೆ ಹೊರಟಾಗ ಕಸ್ತೂರಿ ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬಾ ಎಂದು ನಾನು ಕರೆದಿರಲಿಲ್ಲ. ಬಸ್ಸಿನಲ್ಲಿ ಇಬ್ಬರೂ ನಮ್ಮ ನಮ್ಮ ಕಾರ್ಡ್ ತೋರಿಸಿದೆವು. ಆಸ್ಪತ್ರೆಯಲ್ಲಿ ನಮ್ಮ ಡಾಕ್ಟರ ಸಾಲಿನಲ್ಲೇ ಕೂತೆವು. ಆ ಸಾಲಿನಲ್ಲಿ ನಾವಿಬ್ಬರೇ. ಕಂಪೌಂಡರ್ ಹಳೆಯ ಫೈಲ್ ಹಿಡಿದು ಬಾಗಿಲಿಗೆ ಬಂದ.

"ಕಸ್ತೂರಿ ಈರಪ್ಪ, ರಬಕವಿ!"

ಕಸ್ತೂರಿ ನನ್ನ ಮುಖ ನೋಡಿದಳು. ಎದ್ದು ನಿಂತೆ.

"ಆ ಹೆಸರು ತಪ್ಪ ಐತೆಪ್ಪಾ. ತಿದ್ದಿ ಬರಕೋ. ಸುಮಂಗಲಾ."

"ಗಂಡನ ಹೆಸರ್ರಿ?"

ಮೈದುನನ ಹೆಸರನ್ನು ಪಟ್ಟನೆ ಹೇಳಿದ್ದವಳಿಗೆ ಗಂಡನ ಹೆಸರು ಬಾಯಿಗೆ ಬರಲು ತಡವಾಯಿತು. ಮದುವೆಯಲ್ಲಿ ಒಡಪು ಕಟ್ಟಿ ಹೇಳಿದ್ದು ಬಿಟ್ಟರೆ ನಾಲ್ಕು ಜನರೆದುರು ಆ ಹೆಸರು ಹೇಳಿದವಳಲ್ಲ. "ಮಲ್ಲಪ್ಪ," ಎಂದೆ. ಕಣ್ಣಿನ ಸಾಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಕಿವಿಯವರೆಗೂ ಬಿಸಿಯಾಯಿತು, ಆದರೂ ಸೆರಗು ಎಳೆದುಕೊಳ್ಳಲಿಲ್ಲ.

ಈಗ ಗುಳಿಗೆ ಅರ್ಧಕ್ಕೆ ಇಳಿದಿದೆ. ಬಸ್ಸಿನಲ್ಲಿ ಭಯವಿಲ್ಲ. ಈರಪ್ಪ ಮತ್ತೆ ವೈನಿ ಎನ್ನುತ್ತಾನೆ. ಸಹನಾ ಜಮಖಂಡಿಯಲ್ಲಿ ಬಿ.ಎಡ್. ಓದುತ್ತಿದ್ದಾಳೆ. ಬೆಳಿಗ್ಗೆ ನನ್ನದೇ ಬಸ್ಸಿಗೆ ಬರುತ್ತಾಳೆ, ಕೆಲವೊಮ್ಮೆ ನನ್ನ ಪಕ್ಕ ಕೂಡುತ್ತಾಳೆ, ಕೆಲವೊಮ್ಮೆ ಇಲ್ಲ. ಕಸ್ತೂರಿ ಸಂಜೆ ಮತ್ತೆ ಕಟ್ಟೆಗೆ ಬಂದಿದ್ದಾಳೆ, ಕಪ್ ಬಸಿ ಹಿಡಿದು. ಎಲ್ಲ ಮೊದಲಿನಂತೆ ಆಯಿತು ಎಂದು ಬರೆದು ಮುಗಿಸಿಬಿಡಬಹುದು.

ಆದರೆ ಕಟ್ಟೆಯ ಮೇಲೆ ಕೂಡುವ ಮುಂಚೆ ಅವಳು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡುತ್ತಾಳೆ, ಯಾರಾದರೂ ತನ್ನನ್ನು ನೋಡುತ್ತಿದ್ದಾರೇನೋ ಎಂದು. ಮೊದಲು ನೋಡುತ್ತಿರಲಿಲ್ಲ. ಅದನ್ನು ಅವಳಿಗೆ ಕಲಿಸಿದವಳು ನಾನು. ಫೈಲಿನ ಮೇಲೆ ಹೆಸರು ತಿದ್ದಿಸಿದೆ, ಇದನ್ನು ತಿದ್ದುವುದು ಹೇಗೆಂದು ಗೊತ್ತಿಲ್ಲ.

ಅದಕ್ಕೇ ಬಸ್ಸಿಳಿದ ಕೂಡಲೇ ಚೀಲವನ್ನೂ ಫೋನನ್ನೂ ಒಳಗಿಟ್ಟು ಬಂದು ಅವಳ ಪಕ್ಕ ಕೂಡುತ್ತೇನೆ. ನೋಡುವವರು ಇಬ್ಬರನ್ನೂ ನೋಡಲಿ. ಅವಳು ನನ್ನ ಬಸಿಗೂ ಚಹಾ ಸುರಿಯುತ್ತಾಳೆ. ನಿನ್ನೆ ನಾನು ಏನೋ ನೆನಪಾಗಿ ಕೆಳಗೆ ನೋಡುತ್ತ ಕೂತಿದ್ದೆ.

"ಅಕ್ಕಾ," ಎಂದಳು, "ಚಹಾ ಆರಾಕತ್ತೈತಿ. ಅದನ್ನ ಮೊದಲ ಕುಡೀರಿ."